ಫೋನ್ ಮೊದಲು ಇಡುವ ಹಾಗಿಲ್ಲ

ಉಸಿರಾಡೋದು ಹೇಗೆ ಅಂತ ಕಲಿಸೋಕೆ ಆಫೀಸಿಗೆ ಒಬ್ಬಳು ಹುಡುಗಿ ಬರ್ತಾಳೆ ಅಂತ ಸಾಹೇಬರು ಹೇಳಿದಾಗ ನಾನು ಅವರ ಮುಖಕ್ಕೇ ನಕ್ಕುಬಿಟ್ಟೆ. ನಲವತ್ತು ದಾಟಿದ ಹೆಂಗಸು ನಾನು. ಹುಟ್ಟಿದಾಗಿನಿಂದ ಯಾರ ಹಂಗೂ ಇಲ್ಲದೆ ಉಸಿರಾಡ್ಕೊಂಡೇ ಬಂದಿದ್ದೀನಿ. "ಮೊದಲು ಊರಿಗೆ ನೀರು ಸರಿಯಾಗಿ ಬಿಡ್ಸಿ ಸಾರ್, ನಮ್ಮ ಉಸಿರು ತಾನಾಗೇ ಸರಿಹೋಗತ್ತೆ" ಅಂದೆ. ಸಾಹೇಬರು ಕೇಳಿಸದವರ ಹಾಗೆ ಕನ್ನಡಕ ಒರೆಸಿಕೊಂಡ್ರು.

ನಮ್ಮದು ನೀರು ಸರಬರಾಜಿನವರ ದೂರು ಕೇಂದ್ರ. ಉದ್ದನೆ ಕೋಣೆ, ಸಾಲಾಗಿ ಮೇಜು, ಮೇಜಿಗೊಂದು ಕಂಪ್ಯೂಟರ್, ಕಿವಿಗೊಂದು ಹೆಡ್‌ಫೋನ್. ಕಿಟಕಿಗಳಿವೆ, ತೆಗೆದ್ರೆ ರಸ್ತೆ ಸದ್ದು ಬರತ್ತೆ ಅಂತ ಮೊಳೆ ಹೊಡೆದಿದ್ದಾರೆ. ನಲ್ಲಿಯಲ್ಲಿ ನೀರು ಬಂದಿಲ್ಲ, ಬಂದ ನೀರು ಕೆಂಪಗಿದೆ, ಪೈಪ್ ಒಡೆದು ಬೀದಿಯೆಲ್ಲ ಹೊಳೆಯಾಗಿದೆ, ಏನೇ ಆದ್ರೂ ಬೈಸಿಕೊಳ್ಳೋರು ನಾವು. ನಾನೇ ಗುದ್ದಲಿ ತಗೊಂಡು ಹೋಗಿ ಪೈಪ್ ಒಡೆದು, ಕೈ ತೊಳ್ಕೊಂಡು ಬಂದು ಕೂತಿದ್ದೀನೇನೋ ಅನ್ನೋ ಹಾಗೆ ಬೈತಾರೆ. ತಿರುಗಿ ಒಂದು ಮಾತು ಆಡೋ ಹಾಗಿಲ್ಲ. ನಮಗೆ ಕೊಟ್ಟಿರೋ ಮಾತು ಮೂರೇ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಿಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ. ದೂರಿನ ಸಂಖ್ಯೆ ಬರೆದುಕೊಳ್ಳಿ." ಇದರ ಮೇಲೆ ಇನ್ನೊಂದು ನಿಯಮ, ಎಲ್ಲಕ್ಕಿಂತ ಕಷ್ಟದ್ದು: ಫೋನ್ ಮೊದಲು ನಾವು ಇಡೋ ಹಾಗಿಲ್ಲ. ಮಾಡಿದೋರೇ ಇಡಬೇಕು. ಅವರು ಬೈದು ಬೈದು ಸುಸ್ತಾಗಿ, ಕೆಮ್ಮಿ, ಸ್ವಲ್ಪ ಸುಧಾರಿಸ್ಕೊಂಡು ಮತ್ತೆ ಶುರು ಮಾಡಿದ್ರೂ ಕೂತಿರಬೇಕು.

ನನಗೋ ಕೋಪ ಮೂಗಿನ ತುದಿಯಲ್ಲೇ. ಆಫೀಸಲ್ಲಿ ನನ್ನ ಅಡ್ಡಹೆಸರು ಪಟಾಕಿ. ಅಂಥವಳಿಗೆ ಇಂಥ ಕೆಲಸ ನೋಡಿ! ಹಲ್ಲು ಕಚ್ಚಿ ಕಚ್ಚಿ ಸಂಜೆ ಹೊತ್ತಿಗೆ ದವಡೆ ನೋಯ್ತಿತ್ತು, ಹೆಗಲು ಕಿವಿ ಹತ್ರ ಬಂದು ಕೂತಿರ್ತಿತ್ತು. ಹಾಗೇ ತಡ್ಕೊಂಡು ತಡ್ಕೊಂಡು ಕಳೆದ ಬೇಸಿಗೆಯಲ್ಲಿ ಒಂದಿನ, ಯಾರೋ ಒಬ್ಬ ಮಹಾನುಭಾವ ನನ್ನ ವಂಶವನ್ನೆಲ್ಲ ವಿಚಾರಿಸ್ಕೊಳ್ತಿದ್ದಾಗಲೇ, ತಲೆ ತಿರುಗಿ ಮೇಜಿನ ಮೇಲೆ ಕವುಚಿಬಿದ್ದೆ. ಅವನು ಇನ್ನೂ ಬೈತಾನೇ ಇದ್ದನಂತೆ. ಪಕ್ಕದ ಮೇಜಿನ ದೊಡ್ಡಮ್ಮ ನನ್ನ ಹೆಡ್‌ಫೋನ್ ಕಿತ್ತು ಎಸೆದಳು. ಅವಳಿಗೆ ಇನ್ನೇನು ರಿಟೈರ್ಮೆಂಟ್ ಹತ್ತಿರ, ಅದಕ್ಕೇ ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯೋದು.

ಬಿ.ಪಿ. ಅಂದ್ರು ಡಾಕ್ಟರ್. ಬಹಳ ಮೇಲಿದೆ ಅಂದ್ರು. ಮಾತ್ರೆ ಬರೆದುಕೊಟ್ಟು, ನಮ್ಮ ಮನೆಯವರ ಕಡೆ ತಿರುಗಿ, "ಕೆಲಸದಲ್ಲೇ ಇವರ ಕಿವಿಗೆ ಬೇಕಾದಷ್ಟು ಬೀಳ್ತಿದೆ. ಮನೇಲಾದ್ರೂ ಸ್ವಲ್ಪ ನಿಶ್ಶಬ್ದವಾಗಿರಲಿ" ಅಂದ್ರು. ಈ ಒಂದು ಮಾತು ನನ್ನ ಸಂಸಾರದ ಮೇಲೆ ಕಲ್ಲು ಹಾಕ್ತು.

ಯಾಕೆ ಅಂತ ಹೇಳ್ತೀನಿ. ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡೋರು. ಬಾಯಿ ತೆಗೆದ್ರೆ ಮುಚ್ಚೋ ಮನುಷ್ಯ ಅಲ್ಲ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ "ಅಳಿಯಂದಿರು ಒಳ್ಳೆ ರೇಡಿಯೊ ಕಣೇ, ಕರೆಂಟ್ ಹೋದ್ರೂ ನಿಲ್ಲಲ್ಲ" ಅಂದಿದ್ದಳು. ಸಂಜೆ ಮನೆಗೆ ಬಂದು, ಎಣ್ಣೆ ಮೆತ್ತಿದ ಕೈ ಸೋಪು ಹಾಕಿ ಉಜ್ಜುತ್ತಾ ಬಚ್ಚಲಿನಿಂದಲೇ ಶುರು ಮಾಡೋರು: "ಕೇಳಿಲ್ಲಿ..." ಅವರ ಪ್ರತಿ ಕಥೆಯೂ ಹಾಗೇ ಶುರು. ಕೇಳಿಲ್ಲಿ, ಇವತ್ತು ಗಂಡ ಹೆಂಡತಿ ಜಗಳ ಆಡ್ಕೊಂಡು ಲಿಫ್ಟ್ ಹತ್ತಿದಾರೆ, ಅದು ಎರಡು ಮಹಡಿ ಮಧ್ಯೆ ನಿಂತಿದೆ, ನಾನು ಹೋಗಿ ಬಾಗಿಲು ತೆಗೆದ್ರೆ ಇಬ್ಬರೂ ನೆಲದ ಮೇಲೆ ಕೂತು ಒಂದೇ ಕಿತ್ತಳೆ ಹಣ್ಣು ಹಂಚ್ಕೊಂಡು ತಿಂತಿದಾರೆ! ಕೇಳಿಲ್ಲಿ, ಭಾರ ಜಾಸ್ತಿ ಅಂತ ಲಿಫ್ಟ್ ಕೂಗ್ಕೊಳ್ತಿದೆ, ಯಾರೂ ಇಳೀತಿಲ್ಲ, ಎಲ್ಲರೂ ಒಬ್ಬ ದಪ್ಪ ಮನುಷ್ಯನ್ನೇ ನೋಡ್ತಿದಾರೆ, ಅವನು ಛಾವಣಿ ನೋಡ್ತಿದಾನೆ! ನನಗೆ ದಿನವಿಡೀ ಬೇರೆಯವರ ಮಾತು ಕೇಳಿ ತಲೆ ಚಿಟ್ಟು ಹಿಡಿದಿರ್ತಿತ್ತು ನಿಜ. ಆದ್ರೆ ಇವರ ಮಾತೇ ಬೇರೆ. ಅದನ್ನ ಕೇಳ್ತಾ ಕೇಳ್ತಾ ನಾನು ಮತ್ತೆ ಮನುಷ್ಯಳಾಗ್ತಿದ್ದೆ.

ಅಂಥ ಮನುಷ್ಯ ಆಸ್ಪತ್ರೆಯಿಂದ ಬಂದ ದಿನವೇ ಬಾಯಿಗೆ ಬೀಗ ಹಾಕಿಕೊಂಡ್ರು. ಬಾಗಿಲ ಬೆಲ್ ಬಿಚ್ಚಿ ಡಬ್ಬಿಗೆ ಹಾಕಿದ್ರು. ಲಿಫ್ಟಿನ ಎಣ್ಣೆ ತಂದು ಮನೆಯ ಬಾಗಿಲಿಗೆಲ್ಲ ಬಿಟ್ರು, ಎಲ್ಲೂ ಕಿರ್ ಅನ್ನೋ ಹಾಗಿಲ್ಲ. ಕುರ್ಚಿ ಕಾಲಿಗೆ ರಬ್ಬರ್ ಹಾಕಿದ್ರು. ಚಹಾ ಲೋಟ ಮೇಜಿನ ಮೇಲಿಡುವಾಗ ಕೆಳಗೆ ಬೆರಳಿಟ್ಟು ಇಡೋರು. ನನ್ನ ಹತ್ರ ಆಡ್ತಿದ್ದದ್ದು ಊಟ, ಮಾತ್ರೆ, ಮಲಗು, ಇಷ್ಟೇ. ಮೊದಲ ಕೆಲವು ದಿನ ಹಾಯಾಗೇ ಇತ್ತು. ಆಮೇಲೆ ಗೋಡೆ ನೋಡ್ಕೊಂಡು ಕೂರೋ ಹಾಗಾಯ್ತು. ಅಷ್ಟು ಹತ್ತಿರ ಕೂತಿರ್ತಾರೆ, ಕೈ ಚಾಚಿದ್ರೆ ಸಿಗ್ತಾರೆ, ಆದ್ರೂ ನನಗೆ ಅವರು ಎಲ್ಲೋ ಪರವೂರಿಗೆ ಹೋದ ಹಾಗೆ ಅನ್ನಿಸ್ತಿತ್ತು.

"ರೀ, ಏನಾದ್ರೂ ಹೇಳ್ರೀ" ಅಂತ ಬೇಡ್ಕೊಂಡೆ.

"ಮೊದಲು ಬಿ.ಪಿ. ಇಳೀಲಿ. ಡಾಕ್ಟರ್ ಸರಿ ಅನ್ನೋವರೆಗೂ ನಾನು ಬಾಯಿ ಬಿಡಲ್ಲ" ಅಂದ್ರು. ಅದನ್ನೂ ಪಿಸುಗುಟ್ಟಿ ಅಂದ್ರು.

ಇನ್ನೂ ಒಂದು ಸಂಕಟ ಇತ್ತು. ನಾನು ತಲೆ ತಿರುಗಿ ಬಿದ್ದ ದಿನ ಬೆಳಿಗ್ಗೆ ಇವರು ಒಂದು ಕಥೆ ಶುರು ಮಾಡಿದ್ರು. "ಕೇಳಿಲ್ಲಿ, ಆ ಹಳೇ ಬಿಲ್ಡಿಂಗಲ್ಲಿ ಒಬ್ಬ ಅಜ್ಜಿ ಇದಾರೆ. ದಿನಾ ಮಧ್ಯಾಹ್ನ ಒಂದು ಕುರ್ಚಿ ಹೊತ್ತುಕೊಂಡು ಬಂದು ಲಿಫ್ಟ್ ಒಳಗೆ ಹಾಕ್ಕೊಂಡು ಕೂರ್ತಾರೆ. ಎಲ್ಲೂ ಇಳಿಯಲ್ಲ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಯಾಕೆ ಹೇಳು ನೋಡೋಣ?" ಅಷ್ಟರಲ್ಲಿ ನನ್ನ ಬಸ್ಸಿಗೆ ಹೊತ್ತಾಯ್ತು. "ಸಂಜೆ ಹೇಳ್ರೀ" ಅಂತ ಓಡಿದೆ. ಆ ಸಂಜೆ ಬರಲೇ ಇಲ್ಲ. ಬೇಸಿಗೆ ಹೋಯ್ತು, ಮಳೆ ಹೋಯ್ತು, ಆ ಅಜ್ಜಿ ನನ್ನ ತಲೆಯಲ್ಲಿ ಕುರ್ಚಿ ಹಾಕ್ಕೊಂಡು ಕೂತೇ ಇದ್ದಳು. ಯಾಕೆ ಹತ್ತುತ್ತಾಳೆ, ಯಾಕೆ ಇಳಿಯಲ್ಲ? ಕೇಳಿದ್ರೆ ಇವರು ತುಟಿ ಮೇಲೆ ಬೆರಳಿಟ್ಟುಕೊಳ್ಳೋರು.

ಒಂದಿನ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ನಿನ್ನೆ ಅಣ್ಣ ಬಂದು ನಮ್ಮನ್ನೆಲ್ಲ ನಗಿಸಿ ನಗಿಸಿ ಹೊಟ್ಟೆ ಹುಣ್ಣು ಮಾಡಿಬಿಟ್ಟ!" ನಾನು ದಂಗಾಗಿಹೋದೆ. ವಿಚಾರಿಸಿದ್ರೆ, ಇವರು ದಿನಾ ಕೆಲಸ ಮುಗಿಸಿ ನೇರ ತಂಗಿ ಮನೆಗೆ ಹೋಗಿ, ಅವತ್ತಿನ ಕಥೆಯನ್ನೆಲ್ಲ ಅಲ್ಲಿ ಸುರಿದು, ಖಾಲಿಯಾಗಿ ಮನೆಗೆ ಬರ್ತಿದ್ದಾರೆ. "ಅಲ್ಲಿ ಹೇಳ್ಕೊಂಡು ಹೋದ್ರೆ ಮನೇಲಿ ಬಾಯಿ ತಡ್ಕೊಳ್ಳತ್ತೆ ಅಂತಾನೆ ಅತ್ತಿಗೆ, ಪಾಪ" ಅಂದಳು. ಪಾಪವಂತೆ! ನನಗೆ ಹೊಟ್ಟೆ ಉರಿದುಹೋಯ್ತು. ನನ್ನ ಪಾಲಿನ ಮಾತನ್ನೆಲ್ಲ ಅವಳ ಮನೆಯ ಸೋಫಾ ಕೇಳಿಸ್ಕೊಳ್ತಿದೆ. "ಆ ಕುರ್ಚಿ ಅಜ್ಜಿ ವಿಷಯ ಹೇಳಿದ್ನಾ ನಿಮಗೆ? ಆಕೆ ಯಾಕೆ..." ಅಂತ ಶುರು ಮಾಡಿದಳು.

"ಬೇಡ! ನೀನು ಹೇಳಬೇಡ!" ಅಂತ ಕಿರುಚಿದೆ.

"ಅಯ್ಯೋ, ಯಾಕೆ ಅತ್ತಿಗೆ?"

"ಅವರ ಬಾಯಿಂದಲೇ ಕೇಳಬೇಕು ನಾನು" ಅಂದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಇವರು ಲೋಟದ ಕೆಳಗೆ ಬೆರಳಿಟ್ಟು ಮೆಲ್ಲಗೆ ಲೋಟ ಇಡ್ತಿದ್ದದ್ದು ಕಂಡಿತು.

ಹೀಗಿರುವಾಗ ಬಂದದ್ದು ಆ ಉಸಿರಿನ ಹುಡುಗಿ. ಕೆಲಸದ ಒತ್ತಡ ಕಡಿಮೆ ಮಾಡೋ ತರಬೇತಿ ಅಂತ ಬಾಗಿಲ ಮೇಲೆ ಚೀಟಿ ಅಂಟಿಸಿದ್ರು. ವಾರಕ್ಕೊಂದು ಮಧ್ಯಾಹ್ನ, ಮೀಟಿಂಗ್ ರೂಮಿನಲ್ಲಿ. ಜೊತೆಗೊಬ್ಬಳು ನರ್ಸ್, ಎಲ್ಲರ ಬಿ.ಪಿ. ನೋಡೋಕೆ. ನಾನು ಹೋಗಿದ್ದು ಉಸಿರಿಗಲ್ಲ, ಆ ನರ್ಸಿನ ಪಟ್ಟಿಗೆ. ತೋಳಿಗೆ ಪಟ್ಟಿ ಕಟ್ಟಿಸ್ಕೊಂಡಾಗಲೆಲ್ಲ ನನಗೆ ಕಾಣ್ತಿದ್ದದ್ದು ಒಂದೇ: ಇದು ಇಳಿದ್ರೆ ಇವರು ಬಾಯಿ ಬಿಡ್ತಾರೆ.

ಹುಡುಗಿ ಕಡ್ಡಿ ಹಾಗಿದ್ದಳು, ದನಿ ಮಾತ್ರ ಗಟ್ಟಿ. ಮೊದಲನೇ ದಿನವೇ ನಮ್ಮನ್ನ ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿದಳು. ಒಬ್ಬರು ಮನಸ್ಸಿನಲ್ಲಿರೋದನ್ನ ಸ್ವಲ್ಪ ಹೊತ್ತು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಬರೀ ಕೇಳಬೇಕು. ಉಪಾಯ ಹೇಳೋ ಹಾಗಿಲ್ಲ, ಸಮಾಧಾನ ಹೇಳೋ ಹಾಗಿಲ್ಲ. ಇದೇನು ಮಹಾ ಅಂದ್ಕೊಂಡೆ. ನನ್ನೆದುರು ದೊಡ್ಡಮ್ಮ. ಅವಳು ಸೆರಗು ಸರಿ ಮಾಡ್ಕೊಂಡು, "ರಿಟೈರ್ ಆದ್ಮೇಲೆ ಫೋನ್ ಬರಲ್ವಲ್ಲ, ನನ್ನ ಹತ್ರ ಯಾರು ಮಾತಾಡ್ತಾರೆ ಅಂತ ಯೋಚನೆ ಆಗತ್ತೆ ಕಣೇ. ಬೈಯೋಕಾದ್ರೂ ಯಾರಾದ್ರೂ ಬೇಕಲ್ಲ" ಅಂದಳು. ಏನಾದ್ರೂ ಸಮಾಧಾನ ಹೇಳೋಣ ಅಂತ ಬಾಯಿ ತೆಗೆದೆ. ಬಂದದ್ದು ಏನು ಗೊತ್ತಾ? "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಿಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ."

ಥೂ ನನ್ನ ಬಾಯಿಗೆ! ದೊಡ್ಡಮ್ಮ ಕಣ್ಣು ಕಣ್ಣು ಬಿಟ್ಟಳು. ಅಷ್ಟರಲ್ಲಿ ಪಕ್ಕದ ಜೋಡಿಯಲ್ಲೂ ಅದೇ ಮಾತು, ಅದರಾಚೆಯ ಜೋಡಿಯಲ್ಲೂ ಅದೇ. ಒಬ್ಬ ಮಹಾರಾಯ ದೂರಿನ ಸಂಖ್ಯೆಯನ್ನೂ ಕೊಟ್ಟುಬಿಟ್ಟಿದ್ದ. ಇಡೀ ರೂಮು ಬಿದ್ದು ಬಿದ್ದು ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. "ನಿಮಗೆ ಇಷ್ಟು ವರ್ಷ ಯಾರೂ ಹೀಗೆ ಕೂತು ಕೇಳಿಲ್ಲ ಅಲ್ವಾ?" ಅಂದಳು. ನಗು ನಿಂತುಹೋಯ್ತು. ದೊಡ್ಡಮ್ಮ ಅಳೋಕೆ ಶುರು ಮಾಡಿದಳು.

ಆವತ್ತಿನಿಂದ ನಾನು ಬಾಲ ಮುದುರಿಕೊಂಡು ಹೇಳಿದ್ದು ಮಾಡಿದೆ. ಒಂದು ಫೋನ್ ಮುಗಿದು ಇನ್ನೊಂದು ಬರೋ ಮುಂಚೆ ಎರಡೂ ಪಾದ ನೆಲಕ್ಕೆ ಊರೋದು. ದವಡೆ ಸಡಿಲ ಬಿಡೋದು. ಹೆಗಲು ಇಳಿಸೋದು. ಉಸಿರು ಒಳಗೆ ತಗೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡೋದು. ತೀರಾ ಕೆಟ್ಟದಾಗಿ ಬೈಸಿಕೊಂಡ್ರೆ, ಆ ಫೋನ್ ಮುಗಿದ ಮೇಲೆ ಎದ್ದು ಹೋಗಿ ಮುಖ ತೊಳ್ಕೊಂಡು ಬರೋದು. ಇದಕ್ಕೆ ಹುಡುಗಿ ಸಾಹೇಬರ ಹತ್ರ ಜಗಳ ಆಡಿ ಒಪ್ಪಿಸಿದಳು. "ಉಸಿರಾಡೋದು ನೀವು ಕಲಿತ್ಕೊಳ್ಳಿ ಅಂತ ಜನರ ಮೇಲೆ ಹಾಕಿ ನೀವು ಸುಮ್ನೆ ಕೂತ್ರೆ ಆಗಲ್ಲ ಸಾರ್" ಅಂದಳು. ಕಿಟಕಿಯ ಮೊಳೆಯನ್ನೂ ಕೀಳಿಸಿದಳು. ಆವತ್ತು ನನಗೆ ಅವಳ ಮೇಲೆ ಗೌರವ ಬಂತು, ನಿಜ ಹೇಳ್ತೀನಿ.

ಒಂದೇ ದಿನಕ್ಕೆ ಏನೂ ಆಗಲಿಲ್ಲ. ಎರಡನೇ ವಾರ ನರ್ಸ್ ತಲೆ ಆಡಿಸಿ, ಇಳಿದಿಲ್ಲ ಅಂದಾಗ ನಾನು ಕುರ್ಚಿ ಒದ್ದೆ. "ಇದು ನಲ್ಲಿ ಅಲ್ಲ ಅಕ್ಕ, ತಿರುಗಿಸಿದ ತಕ್ಷಣ ಬರೋಕೆ" ಅಂದಳು ಹುಡುಗಿ. ನಮ್ಮ ಮಾತನ್ನೇ ಕಲಿತು ನಮಗೇ ಹೇಳ್ತಾಳೆ, ಕಿಲಾಡಿ. ಆಮೇಲೆ ಮೆಲ್ಲಗೆ ನಿದ್ದೆ ಬರೋಕೆ ಶುರುವಾಯ್ತು. ಸಂಜೆ ತಲೆನೋವು ಒಂದಿನ ಬಂತು, ಮರುದಿನ ಬರಲಿಲ್ಲ. ಊಟ ಸೇರದೆ ಹೊಟ್ಟೆ ಹಿಡ್ಕೊಂಡು ಓಡಾಡ್ತಿದ್ದ ಮೂಲೆ ಮೇಜಿನವನು ಡಬ್ಬಿ ಪೂರ್ತಿ ಖಾಲಿ ಮಾಡೋಕೆ ಶುರು ಮಾಡಿದ. ಬೈಯೋರು ಕಡಿಮೆಯೇನೂ ಆಗಲಿಲ್ಲ. ಅವರು ಬೈದದ್ದು ನನ್ನ ಜೊತೆ ಬಸ್ ಹತ್ತಿ ಮನೆಗೆ ಬರೋದು ನಿಂತಿತು, ಅಷ್ಟೇ. ಹಾಗೆ ತಿಂಗಳುಗಳು ಹೋಗಿ, ಕೊನೆಗೊಂದು ಮಧ್ಯಾಹ್ನ ನರ್ಸ್ ಪಟ್ಟಿ ಬಿಚ್ಚಿ ನಕ್ಕಳು.

ನಾನು ಶನಿವಾರ ಇವರನ್ನ ಎಳ್ಕೊಂಡು ಡಾಕ್ಟರ್ ಹತ್ರ ಹೋದೆ. ಡಾಕ್ಟರ್ ನೋಡಿ, "ಬಹಳ ಚೆನ್ನಾಗಿದೆ. ಮಾತ್ರೆ ಮಾತ್ರ ನಾನು ಹೇಳೋವರೆಗೂ ಬಿಡಬೇಡಿ" ಅಂದ್ರು.

"ಅದು ಸರಿ ಡಾಕ್ಟ್ರೇ. ಇವರು ಮಾತಾಡಬಹುದು ಅಂತ ಹೇಳಿ" ಅಂದೆ.

"ಮಾತಾಡಬೇಡಿ ಅಂತ ಯಾರು ಹೇಳಿದ್ರು?"

"ನೀವೇ! ಮನೇಲಿ ನಿಶ್ಶಬ್ದ ಇರಲಿ ಅಂದ್ರಲ್ಲ!"

ಡಾಕ್ಟರ್ ಇವರ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು. "ನಾನು ಗಲಾಟೆ ಬೇಡ ಅಂದೆ ಕಣ್ರೀ, ಗಂಡ ಬೇಡ ಅನ್ಲಿಲ್ಲ" ಅಂದ್ರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇವರು ತಲೆ ತಗ್ಗಿಸಿ ಕೂತಿದ್ರು.

ಮನೆಗೆ ಬಂದ ತಕ್ಷಣ ಚಹಾ ಮಾಡಿ ಎದುರಿಗೆ ಕೂತೆ. "ಹ್ಞೂಂ, ಹೇಳಿ ಈಗ." ಇವರು ಗಂಟಲು ಸರಿ ಮಾಡ್ಕೊಂಡ್ರು. "ಏನಿಲ್ಲ. ಎಲ್ಲ ಮಾಮೂಲು" ಅಂದ್ರು. ಅಷ್ಟೇ! ಇಷ್ಟು ತಿಂಗಳು ಕಾದು, ಪಾದ ಊರಿ, ದವಡೆ ಸಡಿಲಿಸಿ, ಉಸಿರು ಬಿಟ್ಟು ಬಿಟ್ಟು ನಾನು ಗಳಿಸಿದ್ದು ಎಲ್ಲ ಮಾಮೂಲು! ಲೋಟ ಇಡುವಾಗ ಮತ್ತೆ ಕೆಳಗೆ ಬೆರಳು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅದರ ಸದ್ದಿನಲ್ಲಿ ಅತ್ತೆ. ನನಗೆ ಆ ದನಿ ಬೇಕಿತ್ತು. ಬಚ್ಚಲಿನಿಂದ ಬರೋ, ಸೋಪಿನ ನೊರೆಯ ಆ ದನಿ. ಬಿ.ಪಿ. ಇಳಿಸಿದ್ರೆ ವಾಪಸ್ ಬರತ್ತೆ ಅಂದ್ಕೊಂಡಿದ್ದೆ. ಬರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಎರಡು ಕುರ್ಚಿ ಎದುರುಬದುರು ಹಾಕಿದೆ. ರಬ್ಬರ್ ಹಾಕಿದ್ದಕ್ಕೆ ಅವೂ ಸದ್ದು ಮಾಡಲಿಲ್ಲ. "ಬನ್ನಿ, ಕೂತ್ಕೊಳ್ಳಿ. ಆಫೀಸಲ್ಲಿ ಕಲಿಸಿದ್ದು. ನೀವು ಹೇಳಬೇಕು, ನಾನು ಬರೀ ಕೇಳಬೇಕು. ನಡುವೆ ಬಾಯಿ ಹಾಕಲ್ಲ."

"ಏನು ಹೇಳಲಿ?"

"ಮನಸ್ಸಿನಲ್ಲಿರೋದು."

ಕೂತ್ರು. ಅಂಗೈ ನೋಡ್ಕೊಂಡ್ರು. ಎಣ್ಣೆಯ ಕಪ್ಪು ಉಗುರಿನ ಸುತ್ತ ಹಾಗೇ ಇತ್ತು. ನಾನು ಪಾದ ನೆಲಕ್ಕೆ ಊರಿ ಕಾದೆ. ಕೆಳಗೆ ಯಾರೋ ಸ್ಕೂಟರ್ ಒದೀತಿದ್ರು, ಅದು ಸ್ಟಾರ್ಟ್ ಆಗ್ತಿರಲಿಲ್ಲ. ಕಾದೆ.

"ಆವತ್ತು ನಾನು ಒಂದು ಲಿಫ್ಟಿನ ಮೇಲೆ ಕೂತು, ಅದನ್ನ ಎಳೆಯೋ ತಂತಿ ಹಗ್ಗ ಸರಿಯಿದೆಯಾ ಅಂತ ನೋಡ್ತಿದ್ದೆ" ಅಂದ್ರು ಕೊನೆಗೆ. "ನಿನ್ನ ಆಫೀಸಿಂದ ಫೋನ್ ಬಂತು. ಬಿದ್ದಿದ್ದಾಳೆ, ಬನ್ನಿ ಅಂದ್ರು. ಬದುಕಿದ್ದಾಳೋ ಇಲ್ವೋ ಅಂತ ಕೇಳೋಕೂ ಬಾಯಿ ಬರಲಿಲ್ಲ ಕಣೇ. ದಾರಿಯುದ್ದಕ್ಕೂ ಯೋಚನೆ ಮಾಡಿದೆ, ಬೆಳಿಗ್ಗೆ ಅವಳ ಮುಖ ಹೇಗಿತ್ತು ಅಂತ. ನೆನಪೇ ಇಲ್ಲ. ನಾನು ಬಾಗಿಲ ತನಕ ಮಾತಾಡ್ಕೊಂಡೇ ಬಂದಿದ್ದೆ, ಮುಖ ನೋಡಿರಲೇ ಇಲ್ಲ. ಸುಮ್ನೆ ಇದ್ದಿದ್ರೆ ಕಾಣ್ತಿತ್ತೇನೋ. ಅದಕ್ಕೇ ಈಗ ಸುಮ್ನೆ ಇದ್ದು ನೋಡ್ತೀನಿ. ಬಾಯಿ ಬಿಟ್ರೆ ಎಲ್ಲಿ ನೀನು ಮತ್ತೆ ಬೀಳ್ತೀಯೋ ಅಂತ ಹೆದರಿಕೆ. ಡಾಕ್ಟರ್ ಹೇಳಿದ್ರೂ ಹೋಗ್ತಿಲ್ಲ."

ನನ್ನ ಎದೆ ಒಡೆದುಹೋಯ್ತು. ಇಷ್ಟು ದಿನ ಬರೀ ಸದ್ದಾಗದ ಹಾಗೆ ಕಾಯ್ತಿದ್ದಾರೆ ಅಂದ್ಕೊಂಡಿದ್ದೆ, ಇವರು ನನ್ನನ್ನ ಕಾಯ್ತಿದ್ರು. ಬಾಯಿ ಹಾಕಬಾರದು, ಬರೀ ಕೇಳಬೇಕು, ಗೊತ್ತಿತ್ತು. ತಡೆಯೋಕಾಗಲಿಲ್ಲ. ಬಾಯಿ ತೆಗೆದೆ.

"ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಅಂತು ನನ್ನ ಹಾಳು ಬಾಯಿ. "ನಿಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಇವರು ತಲೆ ಎತ್ತಿ ನನ್ನನ್ನೇ ನೋಡಿದ್ರು. ತುಟಿ ನಡುಗಿತು. ಅಳ್ತಾರೆ ಅಂದ್ಕೊಂಡೆ. ನಕ್ರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಬಿಟ್ಟು, ಆಮೇಲೆ ಕುರ್ಚಿ ಸಮೇತ ಅಲ್ಲಾಡಿ ನಕ್ರು. ಆ ಮನೆಯಲ್ಲಿ ಅಂಥ ಸದ್ದು ಕೇಳಿ ಎಷ್ಟು ಕಾಲವಾಗಿತ್ತು!

"ದೂರಿನ ಸಂಖ್ಯೆ ಕೊಡಿ ಮೇಡಂ" ಅಂದ್ರು ಕಣ್ಣು ಒರೆಸ್ಕೊಂಡು.

"ಸಂಖ್ಯೆಯೂ ಇಲ್ಲ, ಮಣ್ಣೂ ಇಲ್ಲ. ಆ ಅಜ್ಜಿ ವಿಷಯ ಹೇಳ್ರೀ. ನಿಮ್ಮ ತಂಗಿ ಹೇಳೋಕೆ ಬಂದ್ರೂ ಕೇಳದೆ ಕೂತಿದ್ದೀನಿ."

"ಇನ್ನೂ ನೆನಪಿದೆಯಾ ನಿನಗೆ?"

ಇವರು ನನ್ನ ಮುಖವನ್ನ ಸ್ವಲ್ಪ ಹೊತ್ತು ನೋಡಿದ್ರು, ಚೆನ್ನಾಗಿದ್ದಾಳಾ ಅಂತ ನೋಡೋ ಹಾಗೆ. ಆಮೇಲೆ ಕುರ್ಚಿ ಮುಂದಕ್ಕೆ ಎಳ್ಕೊಂಡು, ನನ್ನ ಮಂಡಿ ಮೇಲೆ ಕೈಯಿಟ್ಟು ಶುರು ಮಾಡಿದ್ರು.

"ಕೇಳಿಲ್ಲಿ..."

ನನ್ನ ಕಣ್ಣು ತುಂಬಿಬಂತು.

"ನಾನೂ ಕೇಳಿದೆ ಅಜ್ಜಿಯನ್ನ, ಯಾಕಮ್ಮ ಇಲ್ಲಿ ಕೂರ್ತೀರಿ ಅಂತ. ಮನೇಲಿ ನಾನೊಬ್ಬಳೇ ಕಣಪ್ಪ, ಲಿಫ್ಟಲ್ಲಾದ್ರೆ ಹತ್ತಿದೋರೆಲ್ಲ ಯಾವ ಮಹಡಿ ಅಂತ ಕೇಳ್ತಾರಲ್ಲ ಅಂದ್ರು."

"ಆಮೇಲೆ?"

"ಆಮೇಲೇನು, ದಿನಾ ಆ ಕುರ್ಚಿ ಹೊತ್ತು ಅವರ ಸೊಂಟ ಬಿದ್ದುಹೋಗತ್ತೆ ಅಂತ ಒಂದು ಮಡಚೋ ಸೀಟು ತಂದು ಲಿಫ್ಟಿನ ಗೋಡೆಗೆ ಕೂರಿಸಿಕೊಟ್ಟೆ. ಈಗ ಅದರ ಮೇಲೆ ಮಹಾರಾಣಿ ಥರ ಕೂತು, ನಾನು ಹೋದ್ರೆ ನನಗೇ ಯಾವ ಮಹಡಿ ಅಂತ ಕೇಳ್ತಾರೆ..."

ಇವರು ಹೇಳ್ತಾ ಹೋದ್ರು. ಅಜ್ಜಿಯಿಂದ ಇನ್ನೊಂದು ಬಿಲ್ಡಿಂಗಿಗೆ, ಅಲ್ಲಿಂದ ಮತ್ತೊಂದಕ್ಕೆ. ಎಷ್ಟು ತಿಂಗಳ ಮಾತು ಬಾಕಿ ಇತ್ತು! ಬೆಳಗಿನ ಚಹಾ ಆರಿ ತಣ್ಣಗಾಯ್ತು, ಅಡುಗೆಗೆ ಒಲೆ ಹಚ್ಚಲಿಲ್ಲ, ಬಿಸಿಲು ಕಿಟಕಿಯಿಂದ ಗೋಡೆಗೆ ಹೋಯ್ತು. ಒಂದು ಸಲ ಇವರು ನಡುವೆ ನಿಲ್ಲಿಸಿ, "ಸಾಕಾ? ತಲೆ ನೋಯ್ತಿದೆಯಾ?" ಅಂತ ಕೇಳಿದ್ರು.

"ನಮ್ಮಲ್ಲಿ ಒಂದು ನಿಯಮ ಇದೆ ಸಾರ್" ಅಂದೆ. "ಫೋನ್ ಮೊದಲು ನಾವು ಇಡೋ ಹಾಗಿಲ್ಲ."